ತಾನು ಬರೆಯದ ಹಾಡು ತನ್ನದಾಗುವ ಬಗೆ: ಪಾಲ್ ಬ್ರೇಡಿ ಮತ್ತು ಅಟ್ಲಾಂಟಿಕ್ ದಾಟಿದ ಹಾಡುಗಳು

ಪಾಲ್ ಬ್ರೇಡಿ ಎಂದೊಡನೆ ಐರ್ಲೆಂಡಿನ ಜನಪದ ಸಂಗೀತ ಬಲ್ಲವರಿಗೆ ಎರಡು ಹಾಡುಗಳು ನೆನಪಾಗುತ್ತವೆ. ಒಂದು ‘ಆರ್ಥರ್ ಮೆಕ್‌ಬ್ರೈಡ್’, ಇನ್ನೊಂದು ‘ದ ಲೇಕ್ಸ್ ಆಫ್ ಪಾಂಚರ್‌ಟ್ರೇನ್’. ಇವೆರಡನ್ನೂ ಬ್ರೇಡಿ ಬರೆದಿಲ್ಲ, ಮಟ್ಟು ಹಾಕಿಲ್ಲ. ಅವರು ಹುಟ್ಟುವುದಕ್ಕೆ ಬಹಳ ಮೊದಲೇ ಇವು ಜನರ ಬಾಯಲ್ಲಿದ್ದವು. ಇತರ ಗಾಯಕರೂ ಹಾಡಿದ್ದಾರೆ, ಈಗಲೂ ಹಾಡುತ್ತಿದ್ದಾರೆ. ಆದರೂ ಕೇಳುಗರು ‘ಬ್ರೇಡಿಯ ಆರ್ಥರ್ ಮೆಕ್‌ಬ್ರೈಡ್’ ಎಂದೇ ಹೇಳುತ್ತಾರೆ. ಪರಂಪರೆಯಿಂದ ಬಂದ ಹಾಡಿಗೆ ಗಾಯಕನೊಬ್ಬ ಏನು ಮಾಡಿದರೆ ಅದು ಹೀಗೆ ಅವನ ಹೆಸರಿಗೆ ಅಂಟಿಕೊಳ್ಳುತ್ತದೆ?

ಒಳ್ಳೆಯ ಕಂಠ, ತುಂಬಿದ ಭಾವ ಎಂದು ಹೇಳಿ ಮುಗಿಸಿಬಿಡಬಹುದು. ಅದು ಅರ್ಧ ಉತ್ತರ. ಉಳಿದರ್ಧ ಇರುವುದು ಗಾಯಕ ಮಾಡುವ ಆಯ್ಕೆಗಳಲ್ಲಿ: ಒಂದೇ ಹಾಡಿನ ಹತ್ತಾರು ಪಾಠಗಳಲ್ಲಿ, ಎಂದರೆ ರೂಪಗಳಲ್ಲಿ, ಯಾವುದನ್ನು ಎತ್ತಿಕೊಳ್ಳಬೇಕು, ಯಾವ ನುಡಿಯನ್ನು ಬಿಡಬೇಕು, ಎಷ್ಟು ವೇಗದಲ್ಲಿ ಹೇಳಬೇಕು, ಪಕ್ಕವಾದ್ಯ ಎಲ್ಲಿ ಸುಮ್ಮನಿರಬೇಕು. ಕಣ್ಣಿಗೆ ಬೀಳದ ಈ ಕೆಲಸವೇ ಜನಪದ ಗಾಯಕನ ನಿಜವಾದ ಕಸುಬು ಎಂಬುದು ನನ್ನ ನಂಬಿಕೆ.

ಮೊದಲು ಹಾಡಿನ ಕಥೆಯನ್ನು ನೋಡೋಣ. ಕ್ರಿಸ್‌ಮಸ್ ದಿನದ ಬೆಳಗ್ಗೆ ಕಥೆ ಹೇಳುವವನು ತನ್ನ ಬಂಧು ಆರ್ಥರ್ ಮೆಕ್‌ಬ್ರೈಡನೊಡನೆ ಕಡಲ ದಂಡೆಯಲ್ಲಿ ಅಡ್ಡಾಡುತ್ತಿದ್ದಾನೆ. ಎದುರಿಗೆ ಸಾರ್ಜೆಂಟ್ ನ್ಯಾಪರ್, ಕಾರ್ಪೊರಲ್ ವ್ಯಾಂಪ್ ಮತ್ತು ಒಬ್ಬ ಪುಟ್ಟ ನಗಾರಿ ಹುಡುಗ ಬರುತ್ತಾರೆ. ಬ್ರಿಟಿಷ್ ಸೇನೆಗೆ ಆಳು ಸೇರಿಸುವುದು ಅವರ ಕೆಲಸ. ಸೇರಿದರೆ ಹತ್ತು ಗಿನಿ ಚಿನ್ನ, ದೊರೆಯ ಆರೋಗ್ಯಕ್ಕೆ ಕುಡಿಯಲು ಒಂದು ಕ್ರೌನ್ ನಾಣ್ಯ, ಚೆಂದದ ಬಟ್ಟೆ ಎಂದು ಸಾರ್ಜೆಂಟ್ ಆಸೆ ತೋರಿಸುತ್ತಾನೆ. ಆರ್ಥರ್ ಸಿಟ್ಟಾಗುವುದಿಲ್ಲ, ತಣ್ಣಗೆ ಉತ್ತರಿಸುತ್ತಾನೆ. ನಿನ್ನ ಮೈಮೇಲಿನ ಬಟ್ಟೆಯೇ ಎರವಲಿನದು, ಒಂದು ರಾತ್ರಿ ಅದನ್ನು ಬದಲಿಸಿದರೂ ಬೆಳಗಾದರೆ ನಿನಗೆ ಚಾವಟಿ ಏಟು, ನಮ್ಮನ್ನು ಫ್ರಾನ್ಸಿಗೆ ಕಳಿಸಿದರೆ ಅಲ್ಲಿ ಹೇಳದೆ ಕೇಳದೆ ಗುಂಡಿಗೆ ಬಲಿಯಾಗುತ್ತೇವೆ ಎನ್ನುತ್ತಾನೆ. ಸಾರ್ಜೆಂಟ್ ಕತ್ತಿಯ ಬೆದರಿಕೆ ಹಾಕುತ್ತಾನೆ. ಆದರೆ ಕತ್ತಿ ಒರೆಯಿಂದ ಹೊರಬರುವಷ್ಟರಲ್ಲಿ ಇವರ ದೊಣ್ಣೆಗಳು ಅವರ ತಲೆಯ ಮೇಲೆ ಬಿದ್ದಿರುತ್ತವೆ. ಕತ್ತಿಗಳನ್ನು ಸಮುದ್ರಕ್ಕೆ ಎಸೆದು, ನಗಾರಿಯನ್ನು ಕಾಲ್ಚೆಂಡಿನಂತೆ ಒದ್ದು ಅಲೆಗಳಿಗೆ ಒಪ್ಪಿಸಿ ಇಬ್ಬರೂ ತಮ್ಮ ದಾರಿ ಹಿಡಿಯುತ್ತಾರೆ.

ಬಡ ಐರಿಶ್ ಹುಡುಗರನ್ನು ಹಣದ ಆಸೆ ತೋರಿಸಿ ಸೇನೆಗೆ ಎಳೆಯುತ್ತಿದ್ದ ಕಾಲದ ಹಾಡು ಇದು. ಪಿ. ಡಬ್ಲ್ಯು. ಜಾಯ್ಸ್ 1909ರಲ್ಲಿ ಪ್ರಕಟಿಸಿದ ಐರಿಶ್ ಹಾಡುಗಳ ದೊಡ್ಡ ಸಂಕಲನದಲ್ಲಿ ಇದಿದೆ. ಬಾಲ್ಯದಲ್ಲಿ, ಎಂದರೆ 1840ರ ದಶಕದ ಆರಂಭದಲ್ಲಿ, ಲಿಮರಿಕ್ ಸೀಮೆಯಲ್ಲಿ ಇದನ್ನು ಕಲಿತದ್ದಾಗಿ ಜಾಯ್ಸ್ ನೆನೆಯುತ್ತಾರೆ. ಆದರೆ ಬ್ರೇಡಿಗೆ ಹಾಡು ದೊರಕಿದ್ದು ಜಾಯ್ಸ್ ಅವರಿಂದಲೂ ಅಲ್ಲ, ಐರ್ಲೆಂಡಿನ ಯಾವುದೇ ಹಳ್ಳಿಯ ಮುದುಕನಿಂದಲೂ ಅಲ್ಲ. ಅದು ಸಿಕ್ಕಿದ್ದು ಅಮೆರಿಕದಲ್ಲಿ.

1947ರಲ್ಲಿ ಹುಟ್ಟಿದ ಬ್ರೇಡಿ ಬೆಳೆದದ್ದು ಉತ್ತರ ಐರ್ಲೆಂಡಿನ ಗಡಿಯಂಚಿನ ಸ್ಟ್ರಬೇನ್ ಪಟ್ಟಣದಲ್ಲಿ. ಡಬ್ಲಿನ್‌ನಲ್ಲಿ ಓದುವಾಗ ರಾಕ್ ಮತ್ತು ಬ್ಲೂಸ್ ತಂಡಗಳಲ್ಲಿ ಹಾಡಿ, ಆಮೇಲೆ ‘ದ ಜಾನ್‌ಸ್ಟನ್ಸ್’ ಎಂಬ ಜನಪದ ತಂಡ ಸೇರಿದರು. ಆ ತಂಡದೊಡನೆ ಲಂಡನ್ನಿಗೂ ಅಲ್ಲಿಂದ ಅಮೆರಿಕಕ್ಕೂ ಹೋದರು. ಅಮೆರಿಕದಲ್ಲಿದ್ದಾಗ ಅವರ ಕೈಗೆ ಬಂದದ್ದು ‘ಎ ಹೆರಿಟೇಜ್ ಆಫ್ ಸಾಂಗ್ಸ್’ ಎಂಬ ಪುಸ್ತಕ. ಅದನ್ನು ಸಿದ್ಧಪಡಿಸಿದವರು ಕ್ಯಾರಿ ಗ್ರೋವರ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿ, ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಬದುಕಿದ ಗ್ರೋವರ್, ತಂದೆ ತಾಯಿಯಿಂದ ಕಲಿತ ಹಾಡುಗಳನ್ನು ಕೂಡಿಸಿ ಬರೆದಿಟ್ಟಿದ್ದರು. ಐರ್ಲೆಂಡಿನಿಂದ ಹಡಗು ಹತ್ತಿದ ಹಾಡು ಕೆನಡಾದ ಒಂದು ಮನೆಯಲ್ಲಿ ಉಳಿದು, ಮೇಯ್ನ್‌ಗೆ ಬಂದು, ಕಾಗದಕ್ಕೆ ಇಳಿದು, ಅಲ್ಲಿಂದ ಮತ್ತೆ ಐರಿಶ್ ಗಾಯಕನ ಬಾಯಿಗೆ ಸೇರಿತು. ಪರಂಪರೆ ಎಂದರೆ ಅಜ್ಜನಿಂದ ಮೊಮ್ಮಗನಿಗೆ ಒಂದೇ ಜಗಲಿಯ ಮೇಲೆ ಇಳಿದು ಬರುವಂಥದ್ದು ಎಂದು ನಂಬಿದವರಿಗೆ ಈ ಸುತ್ತುದಾರಿ ವಿಚಿತ್ರವೆನಿಸಬಹುದು. ವಾಸ್ತವದಲ್ಲಿ ಐರಿಶ್ ಮತ್ತು ಅಮೆರಿಕನ್ ಜನಪದದಲ್ಲಿ ಇಂಥ ಸುತ್ತುದಾರಿಗಳು ತುಂಬ ಸಾಮಾನ್ಯ. ಬಾಯಿ, ಪುಸ್ತಕ, ಗ್ರಾಮಫೋನ್ ತಟ್ಟೆ ಈ ಮೂರೂ ಹಾಡನ್ನು ದಾಟಿಸಿವೆ.

ಇಲ್ಲಿ ಆಯ್ಕೆಯ ಮೊದಲ ಮಜಲು ಕಾಣುತ್ತದೆ. ಬ್ರೇಡಿ ಧ್ವನಿಮುದ್ರಿಸುವ ಮೊದಲೇ, 1973ರಲ್ಲಿ, ‘ಪ್ಲಾಂಕ್ಸ್ಟಿ’ ತಂಡ ತನ್ನ ಮೊದಲ ಆಲ್ಬಮ್‌ನಲ್ಲಿ ‘ಆರ್ಥರ್ ಮೆಕ್‌ಬ್ರೈಡ್’ ಹಾಡಿತ್ತು. ಹಾಡಿದವರು ಆ್ಯಂಡಿ ಅರ್ವೈನ್. ಅದು ಬೇರೆ ಪಾಠ, ಮೂರು ನಿಮಿಷದೊಳಗೆ ಮುಗಿಯುವ ಚುರುಕಾದ ಹಾಡು. ಅದೇ ಅರ್ವೈನ್ ಮತ್ತು ಬ್ರೇಡಿ 1976ರಲ್ಲಿ ಇಬ್ಬರೂ ಸೇರಿ ಒಂದು ಆಲ್ಬಮ್ ಮಾಡಿದರು. ಅದರಲ್ಲಿ ಬ್ರೇಡಿ ಒಬ್ಬರೇ, ಒಂದೇ ಗಿಟಾರಿನೊಡನೆ, ಗ್ರೋವರ್ ಪಾಠವನ್ನು ಏಳು ನಿಮಿಷ ಹಾಡುತ್ತಾರೆ. ಹಾಡು ಎರಡು ಪಟ್ಟಿಗಿಂತ ಉದ್ದವಾಯಿತು. ಮೊದಲಿನದು ಹೊಡೆದಾಟದ ಹಾಡು. ಬ್ರೇಡಿಯದು ಮಾತಿನ ಹಾಡು. ಸಾರ್ಜೆಂಟ್ ನಯವಾಗಿ ಮಾತು ಶುರುಮಾಡುವುದು, ಆಮಿಷ ಏರುತ್ತಾ ಹೋಗುವುದು, ಆರ್ಥರ್ ಅದನ್ನು ಒಂದೊಂದಾಗಿ ಕಳಚುವುದು, ಕೊನೆಗೆ ಮಾತು ಸೋತು ಕೈ ಎತ್ತುವುದು ಇವೆಲ್ಲಕ್ಕೂ ಇಲ್ಲಿ ಜಾಗ ಸಿಗುತ್ತದೆ. ದೊಣ್ಣೆ ಬೀಸುವ ಹೊತ್ತಿಗೆ ಕೇಳುಗನಿಗೆ ಆರ್ಥರ್ ಎಂಥವನು ಎಂಬುದು ಗೊತ್ತಾಗಿರುತ್ತದೆ. ಪ್ಲಾಂಕ್ಸ್ಟಿಯ ಪಾಠಕ್ಕೆ ಅದರದೇ ಗತ್ತಿದೆ. ಆದರೆ ಕಥೆಗೆ ನ್ಯಾಯ ಸಲ್ಲುವುದು ಉದ್ದದ ಪಾಠದಲ್ಲೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಏಳು ನಿಮಿಷ, ಒಂದೇ ಮಟ್ಟು, ಪಲ್ಲವಿ ಇಲ್ಲ. ಕೇಳುಗ ಬೇಸರಗೊಳ್ಳದಂತೆ ಇದನ್ನು ನಡೆಸುವುದು ಹೇಗೆ? ಗಿಟಾರ್ ತಂತಿಗಳನ್ನು ರೂಢಿಯ ಶ್ರುತಿಯಿಂದ ಬದಲಿಸಿಕೊಂಡು ಬ್ರೇಡಿ ಬೆರಳುಗಳಿಂದ ಮೀಟುತ್ತಾರೆ. ಗಿಟಾರ್ ಹಾಡಿನ ಮಟ್ಟನ್ನು ಹಿಂಬಾಲಿಸುತ್ತದೆ, ಅಲ್ಲಲ್ಲಿ ಸಣ್ಣ ಸುತ್ತು ಸೇರಿಸುತ್ತದೆ, ನುಡಿ ಮತ್ತು ನುಡಿಯ ನಡುವೆ ಉಸಿರಾಡಲು ಸ್ವಲ್ಪ ಜಾಗ ಕೊಡುತ್ತದೆ. ಪ್ರತಿ ನುಡಿಯಲ್ಲೂ ಯಾವುದೋ ಒಂದು ಸ್ವರ ಹಿಂದಿನ ನುಡಿಗಿಂತ ಬೇರೆಯಾಗಿರುತ್ತದೆ. ಆದರೆ ಗಿಟಾರ್ ಎಲ್ಲಿಯೂ ಮಾತಿಗಿಂತ ಮುಂದೆ ಓಡುವುದಿಲ್ಲ. ಕಂಠದ ವಿಷಯದಲ್ಲೂ ಹಾಗೆಯೇ. ಸಾರ್ಜೆಂಟಿಗೆ ಒಂದು ದನಿ, ಆರ್ಥರ್‌ಗೆ ಇನ್ನೊಂದು ದನಿ ಎಂದು ನಾಟಕವಾಡುವುದಿಲ್ಲ. ಪಾತ್ರ ಬದಲಾದದ್ದು ತಿಳಿಯುವುದು ಪದಗಳನ್ನು ತುಸು ಬಿಗಿದು ಅಥವಾ ಸಡಿಲಿಸಿ ಹೇಳುವ ರೀತಿಯಿಂದ ಮಾತ್ರ.

ಈ ಸಂಯಮಕ್ಕೆ ಬೇರುಗಳಿವೆ. ಐರ್ಲೆಂಡಿನ ಐರಿಶ್ ಮಾತಾಡುವ ಸೀಮೆಗಳಲ್ಲಿ ‘ಶಾನ್ ನೋಸ್’ ಎಂದು ಕರೆಯುವ ಹಾಡುಗಾರಿಕೆಯ ಕ್ರಮವಿದೆ. ಅದರಲ್ಲಿ ಪಕ್ಕವಾದ್ಯವಿಲ್ಲ, ತಾಳವಿಲ್ಲ. ಒಬ್ಬರೇ ಕುಳಿತು, ಹೆಚ್ಚಾಗಿ ಕಣ್ಣು ಮುಚ್ಚಿ ಹಾಡುತ್ತಾರೆ. ದನಿ ಏರಿಸಿ ಇಳಿಸಿ ದುಃಖ ತೋರಿಸುವ ಪರಿಪಾಟವಿಲ್ಲ. ಭಾವವೆಲ್ಲ ಗಮಕದಲ್ಲಿ ಇರುತ್ತದೆ: ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸೇರುವ ಪುಟ್ಟ ತಿರುವುಗಳು, ಒಂದು ಪದವನ್ನು ತುಸು ಹೊತ್ತು ಹಿಡಿದು ಬಿಡುವ ರೀತಿ. ಪ್ರತಿ ನುಡಿಗೂ ಗಮಕದ ಜಾಗ ಬದಲಾಗುತ್ತದೆ. ಕೆಲವೊಮ್ಮೆ ಪಕ್ಕದಲ್ಲಿ ಕುಳಿತ ಕೇಳುಗ ಗಾಯಕನ ಕೈ ಹಿಡಿದು, ಹಾಡಿನ ಗತಿಗೆ ತಕ್ಕಂತೆ ನಿಧಾನವಾಗಿ ಸುತ್ತಿಸುತ್ತಿರುತ್ತಾನೆ. ಹಾಡು ಮುಗಿಯುವಾಗ ಕೊನೆಯ ಪದಗಳನ್ನು ಹಾಡದೆ ಸಾದಾ ಮಾತಿನಲ್ಲಿ ಆಡಿಬಿಡುವುದೂ ಉಂಟು. ಕಥೆ ಮುಗಿಯಿತು, ನಾನು ಮತ್ತೆ ನಿಮ್ಮ ನಡುವಿನ ಮನುಷ್ಯ ಎಂಬಂತೆ.

ಈ ಕ್ರಮದ ದೊಡ್ಡ ಗಾಯಕ ಜೋ ಹೀನಿ. ಐರ್ಲೆಂಡಿನ ಪಶ್ಚಿಮದ ಕಾನೆಮಾರಾ ಸೀಮೆಯ ಕಾರ್ನಾ ಎಂಬಲ್ಲಿ 1919ರಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿ, ಮ್ಯಾನ್‌ಹಟನ್‌ನ ಒಂದು ವಸತಿ ಕಟ್ಟಡದಲ್ಲಿ ದ್ವಾರಪಾಲಕನ ಕೆಲಸ ಮಾಡಿದರು. ಮುಂದೆ ಅಲ್ಲಿನ ವಿಶ್ವವಿದ್ಯಾಲಯಗಳು ಅವರನ್ನು ಪಾಠ ಹೇಳಲು ಕರೆದವು. 1982ರಲ್ಲಿ ಅಮೆರಿಕ ಸರ್ಕಾರ ಜನಪದ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಗೌರವ ಸಂದಿತು. ಎರಡು ವರ್ಷದ ಬಳಿಕ ಸಿಯಾಟಲ್‌ನಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣಗಳನ್ನು ಮೊದಲ ಸಲ ಕೇಳುವವರಿಗೆ ಇದು ಶುಷ್ಕ ಹಾಡುಗಾರಿಕೆ ಅನಿಸಬಹುದು. ಎರಡು ಮೂರು ಸಲ ಕೇಳಿದ ಮೇಲೆ ಆ ಸಣ್ಣ ತಿರುವುಗಳು ಕಿವಿಗೆ ಬೀಳತೊಡಗುತ್ತವೆ. ಆಮೇಲೆ ಬೇರೆಯವರು ಭಾವಾವೇಶದಿಂದ ಹಾಡುವ ಅದೇ ಹಾಡು ಸಪ್ಪೆ ಎನಿಸಲು ಶುರುವಾಗುತ್ತದೆ.

ಹೀನಿಯಂಥವರ ಹಾಡಿಗೆ ಗಿಟಾರ್ ಸೇರಿಸಿದರೆ ಏನಾಗುತ್ತದೆ? ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಐರಿಶ್ ಮತ್ತು ಅಮೆರಿಕದ ಅಪಲಾಚಿಯ ಬೆಟ್ಟಸೀಮೆಯ ಹಳೆಯ ಮಟ್ಟುಗಳು ಒಂದೇ ಎಳೆಯ ಸಂಗೀತ. ಸ್ವರಮೇಳದ ಯೋಚನೆಯೇ ಅವುಗಳಲ್ಲಿ ಇರಲಿಲ್ಲ. ಅನೇಕ ಮಟ್ಟುಗಳು ಐದೇ ಸ್ವರಗಳವು. ಕೆಲವು ನಮ್ಮ ಹರಿಕಾಂಭೋಜಿಯ ಸ್ವರಗಳಲ್ಲಿ, ಕೆಲವು ಖರಹರಪ್ರಿಯದ ಸ್ವರಗಳಲ್ಲಿ ಇರುತ್ತವೆ. ಪಾಶ್ಚಾತ್ಯ ಪಕ್ಕವಾದ್ಯ ನಿಂತಿರುವುದು ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ನುಡಿಸುವ ಕ್ರಮದ ಮೇಲೆ. ಅದರಲ್ಲಿ ಗಾಂಧಾರ ಯಾವುದು ಎಂಬುದರ ಮೇಲೆ ಮೇಜರ್ ಅಥವಾ ಮೈನರ್ ಎಂಬ ನಿರ್ಧಾರವಾಗುತ್ತದೆ, ಹಾಡಿನ ಬಣ್ಣ ಅಲ್ಲಿಗೆ ಗಟ್ಟಿಯಾಗಿಬಿಡುತ್ತದೆ. ಹಳೆಯ ಮಟ್ಟುಗಳು ಈ ನಿರ್ಧಾರವನ್ನು ಬಯಸುವುದಿಲ್ಲ. ಎಷ್ಟೋ ಗಾಯಕರು ಗಾಂಧಾರವನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಿ ಹಾಡುತ್ತಾರೆ.

ಇದಕ್ಕೆ ಪರಿಹಾರ ಕಂಡವರಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರೇಯಮ್ ಮುಖ್ಯರು. 1960ರ ದಶಕದ ಆರಂಭದಲ್ಲಿ ಅವರು ಗಿಟಾರಿನ ಆರು ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿ ಎಂಬ ಶ್ರುತಿಗೆ ತಂದರು. ಎಂದರೆ ಸ, ಪ, ಸ, ಮ, ಪ, ಸ. ಇಲ್ಲಿ ಗಾಂಧಾರವೇ ಇಲ್ಲ. ತಂಬೂರಿಯಂತೆ ಆಧಾರಶ್ರುತಿ ಮೊಳಗುತ್ತಿರುತ್ತದೆ, ಗಾಯಕ ತನ್ನ ಗಾಂಧಾರವನ್ನು ತಾನೇ ಇಟ್ಟುಕೊಳ್ಳುತ್ತಾನೆ. ಇದೇ ಶ್ರುತಿಯಲ್ಲಿ ಗ್ರೇಯಮ್ ‘ಶಿ ಮೂವ್ಡ್ ಥ್ರೂ ದ ಫೇರ್’ ಎಂಬ ಐರಿಶ್ ಹಾಡಿನ ಮಟ್ಟನ್ನು ಭಾರತೀಯ ರಾಗದ ಆಲಾಪವನ್ನು ನೆನಪಿಸುವಂತೆ ನುಡಿಸಿದರು. ಅದೇ ದಶಕದಲ್ಲಿ ಜಾನಿ ಮಾಯ್ನಿಹನ್ ಗ್ರೀಸ್ ದೇಶದ ಬೂಜೂಕಿ ವಾದ್ಯವನ್ನು ಐರಿಶ್ ಸಂಗೀತಕ್ಕೆ ತಂದದ್ದೂ ಇದೇ ಅಗತ್ಯವನ್ನು ಪೂರೈಸಿತು. ಇಂದು ‘ಐರಿಶ್ ಗಿಟಾರ್’ ಎಂದು ಗುರುತಿಸುವ ನಾದದ ಹಿಂದೆ ಈ ಪ್ರಯೋಗಗಳಿವೆ.

ಬ್ರೇಡಿಯ ಎರಡನೆಯ ಹಾಡು ಮೊದಲಿನದಕ್ಕೆ ತಿರುಗುಮುರುಗಾದ ದಾರಿ ಹಿಡಿದದ್ದು. ‘ದ ಲೇಕ್ಸ್ ಆಫ್ ಪಾಂಚರ್‌ಟ್ರೇನ್’ ಅಮೆರಿಕದ ಹಾಡು. ಪಾಂಚರ್‌ಟ್ರೇನ್ ಎಂಬುದು ಲೂಸಿಯಾನದ ನ್ಯೂ ಆರ್ಲಿನ್ಸ್ ಪಕ್ಕದ ದೊಡ್ಡ ಸರೋವರ. ದಿಕ್ಕುಗೆಟ್ಟ ಪರಸ್ಥಳದವನೊಬ್ಬ, ಕೈಯಲ್ಲಿರುವ ಹಣಕ್ಕೆ ಅಲ್ಲಿ ಬೆಲೆಯಿಲ್ಲದೆ, ಆಸರೆ ಹುಡುಕುತ್ತಿದ್ದಾನೆ. ಕ್ರಿಯೋಲ್ ಎಂಬ ಅಲ್ಲಿನ ಸಮುದಾಯದ ಹುಡುಗಿಯೊಬ್ಬಳು ಮನೆಗೆ ಕರೆದು ಉಪಚರಿಸುತ್ತಾಳೆ. ಅವನು ಮದುವೆಯಾಗೆಂದು ಕೇಳುತ್ತಾನೆ. ಕಡಲಿಗೆ ಹೋದ ಪ್ರಿಯಕರನಿಗಾಗಿ ಕಾಯುತ್ತೇನೆ ಎಂದು ಆಕೆ ಒಲ್ಲೆನೆನ್ನುತ್ತಾಳೆ. ಅವನು ಹೊರಟುಹೋಗುತ್ತಾನೆ. ಇಷ್ಟೇ ಕಥೆ. ಪ್ಲಾಂಕ್ಸ್ಟಿ ತಂಡದಲ್ಲಿ ಕ್ರಿಸ್ಟಿ ಮೂರ್ ಇದನ್ನು 1974ರಲ್ಲಿ ಹಾಡಿದರು. ಬ್ರೇಡಿ 1978ರ ತಮ್ಮ ‘ವೆಲ್ಕಮ್ ಹಿಯರ್ ಕೈಂಡ್ ಸ್ಟ್ರೇಂಜರ್’ ಆಲ್ಬಮ್‌ನಲ್ಲಿ ಹಾಡಿದರು. ಅಂದಿನಿಂದ ಅನೇಕ ಕೇಳುಗರು ಇದನ್ನು ಐರಿಶ್ ಹಾಡೆಂದೇ ತಿಳಿದಿದ್ದಾರೆ. ಊರು ಬಿಟ್ಟವನ ಅಳಲು ಐರ್ಲೆಂಡಿಗೆ ಪರಕೀಯವಲ್ಲ. ಬ್ರೇಡಿ ಅದನ್ನು ಅವಸರವಿಲ್ಲದೆ, ಪ್ರತಿ ಸಾಲಿನ ತುದಿಯನ್ನು ಮೃದುವಾಗಿ ಬಿಡುತ್ತಾ ಹಾಡುವ ರೀತಿ ಆ ಅಳಲನ್ನು ಐರಿಶ್ ಅಳಲಾಗಿಸುತ್ತದೆ.

1984ರಲ್ಲಿ ಬಾಬ್ ಡಿಲನ್ ಲಂಡನ್ನಿನ ವೆಂಬ್ಲಿಯಲ್ಲಿ ಕಾರ್ಯಕ್ರಮ ಕೊಡಲು ಬಂದಾಗ ಬ್ರೇಡಿಯನ್ನು ಕರೆಸಿಕೊಂಡು ಈ ಹಾಡಿನ ಗಿಟಾರ್ ಹೇಗೆ ನುಡಿಸುವುದೆಂದು ಕೇಳಿದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಡಿಲನ್ ಬೆರಳುಗಳನ್ನು ತಂತಿಗಳ ಮೇಲೆ ಸರಿಯಾದ ಜಾಗದಲ್ಲಿ ಇಟ್ಟು ತೋರಿಸಬೇಕಾಯಿತು ಎಂದು ಬ್ರೇಡಿ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅಮೆರಿಕದ ಹಾಡೊಂದನ್ನು ಅಮೆರಿಕದ ದೊಡ್ಡ ಗಾಯಕ ಐರಿಶ್ ಗಾಯಕನಿಂದ ಕಲಿತರು. ಡಿಲನ್ 1992ರಲ್ಲಿ ‘ಆರ್ಥರ್ ಮೆಕ್‌ಬ್ರೈಡ್’ ಅನ್ನೂ ಧ್ವನಿಮುದ್ರಿಸಿದರು, ಬ್ರೇಡಿಯ ಪಾಠವನ್ನೇ ಅನುಸರಿಸಿ.

ಇಂಥ ಹುಡುಕಾಟವನ್ನು ಬ್ರೇಡಿಗಿಂತ ಮೊದಲೇ, ಎದುರು ದಿಕ್ಕಿನಿಂದ ನಡೆಸಿದವರು ಜೀನ್ ರಿಚಿ. ಕೆಂಟಕಿಯ ವೈಪರ್ ಎಂಬ ಹಳ್ಳಿಯಲ್ಲಿ 1922ರಲ್ಲಿ, ಹದಿನಾಲ್ಕು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದವರು. ಆ ಮನೆಯಲ್ಲಿ ಹಾಡು ದಿನದ ಕೆಲಸದ ಭಾಗವಾಗಿತ್ತು. ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್ ಮತ್ತು ಅವರ ಸಹಾಯಕಿ ಮಾಡ್ ಕಾರ್ಪಲೀಸ್ 1916ರಿಂದ 1918ರವರೆಗೆ ಅಪಲಾಚಿಯ ಬೆಟ್ಟಗಳಲ್ಲಿ ತಿರುಗಿದಾಗ ಜೀನ್ ಅವರ ಅಕ್ಕಂದಿರಿಂದಲೂ ಹಾಡು ಬರೆದುಕೊಂಡಿದ್ದರು. ಆಗ ಜೀನ್ ಇನ್ನೂ ಹುಟ್ಟಿರಲಿಲ್ಲ. 1952ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದ ರಿಚಿ, ತಮ್ಮ ಮನೆಯ ಹಾಡುಗಳ ಮೂಲ ಹುಡುಕುತ್ತಾ ಛಾಯಾಗ್ರಾಹಕ ಪತಿ ಜಾರ್ಜ್ ಪಿಕೋ ಅವರೊಡನೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಸುತ್ತಿದರು. ಹಳೆಯ ಹಾಡು ಹೇಳಿ ಎಂದರೆ ಜನ ರೇಡಿಯೊದಲ್ಲಿ ಬರುವ ಹಾಡುಗಳನ್ನೇ ಹಾಡುತ್ತಿದ್ದರಂತೆ. ‘ಬಾರ್ಬರಾ ಆ್ಯಲನ್’ ಗೊತ್ತೇ ಎಂದು ಕೇಳಿದರೆ ಮಾತ್ರ ಅವರಿಗೆ ಬೇಕಾದ ಹಾಡುಗಳ ಗಂಟು ಬಿಚ್ಚುತ್ತಿತ್ತು. ಹೀಗೆ ಅವರು ಧ್ವನಿಮುದ್ರಿಸಿಕೊಂಡವರಲ್ಲಿ ಕಾರ್ಕ್ ಸೀಮೆಯ ಎಲಿಜಬೆತ್ ಕ್ರೋನಿನ್, ಆರ್ಮಾ ಸೀಮೆಯ ಸಾರಾ ಮೇಕಮ್ ಇದ್ದರು.

‘ಬಾರ್ಬರಾ ಆ್ಯಲನ್’ ಅನ್ನು ಕೀಲಿಕೈಯಾಗಿ ಆರಿಸಿಕೊಂಡದ್ದು ಜಾಣತನ. ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ 1666ರ ಜನವರಿ 2ರ ದಿನಚರಿಯಲ್ಲಿ ನಟಿಯೊಬ್ಬಳ ಬಾಯಲ್ಲಿ ಇದನ್ನು ಕೇಳಿ ಸಂತೋಷಪಟ್ಟದ್ದನ್ನು ಬರೆದಿದ್ದಾರೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ಹಾರ್ವರ್ಡ್ ವಿದ್ವಾಂಸ 1882ರಿಂದ 1898ರವರೆಗೆ ಪ್ರಕಟಿಸಿದ 305 ಕಥನಗೀತೆಗಳಲ್ಲಿ ಇದು 84ನೆಯದು. ಸಾಯುತ್ತಿರುವ ಪ್ರೇಮಿ ಬಾರ್ಬರಾಳಿಗೆ ಹೇಳಿಕಳಿಸುತ್ತಾನೆ. ಆಕೆ ನಿಧಾನವಾಗಿ ಎದ್ದು ಬಂದು, ಮುಖ ನೋಡಿ, ನೀನು ಸಾಯುತ್ತಿದ್ದೀಯೆ ಎಂದಷ್ಟೇ ಹೇಳಿ ಹೊರಡುತ್ತಾಳೆ. ಸಾವಿನ ಗಂಟೆ ಕೇಳಿದ ಮೇಲೆ ಅವಳೂ ಕುಸಿಯುತ್ತಾಳೆ. ಸ್ಕಾಟ್ಲೆಂಡಿನ ಹಳೆಯ ಪಾಠದಲ್ಲಿ ಇದು ನಡೆಯುವುದು ಎಲೆ ಉದುರುವ ಮಾರ್ಟಿನ್‌ಮಸ್ ಹಬ್ಬದ ಹೊತ್ತಿಗೆ. ಅಮೆರಿಕದ ಬಹುತೇಕ ಪಾಠಗಳಲ್ಲಿ ಮೊಗ್ಗು ಬಿರಿಯುವ ಮೇ ತಿಂಗಳಿನಲ್ಲಿ. ಋತು ಬದಲಾದರೆ ಹಾಡಿನ ಅನುಭವವೇ ಬದಲಾಗುತ್ತದೆ. ಮೊದಲಿನದರಲ್ಲಿ ಪ್ರಕೃತಿಯೂ ಸಾವಿನ ಜೊತೆಗಿದೆ. ಎರಡನೆಯದರಲ್ಲಿ ಸುತ್ತ ಎಲ್ಲವೂ ಚಿಗುರುತ್ತಿರುವಾಗ ಒಬ್ಬನೇ ಸಾಯುತ್ತಿದ್ದಾನೆ. ಹಾಡುವವರು ಯಾವ ಪಾಠ ಹಿಡಿದರು ಎಂಬಲ್ಲೇ ಅರ್ಧ ಅರ್ಥ ನಿರ್ಧಾರವಾಗಿಬಿಡುತ್ತದೆ. ರಿಚಿ ಇಂಥ ಹಾಡುಗಳನ್ನು ಒಬ್ಬರೇ, ಅಥವಾ ಮಡಿಲಲ್ಲಿಟ್ಟು ನುಡಿಸುವ ಡಲ್ಸಿಮರ್ ಎಂಬ ಪುಟ್ಟ ತಂತಿವಾದ್ಯದೊಡನೆ ಹಾಡುತ್ತಿದ್ದರು. ದನಿ ತಿಳಿಯಾಗಿ, ಏರಿಳಿತವಿಲ್ಲದೆ ಸಾಗುತ್ತದೆ. ದುಃಖವನ್ನು ಕೇಳುಗನೇ ಪಡಬೇಕು, ಗಾಯಕಿ ಅವನ ಪರವಾಗಿ ಅಳುವುದಿಲ್ಲ.

ಕಡಲು ದಾಟಿದ ಹಾಡುಗಳು ಕಳೆದುಕೊಂಡದ್ದೂ ಉಂಟು. ‘ದ ಹೌಸ್ ಕಾರ್ಪೆಂಟರ್’ ಎಂಬ ಹಾಡಿನಲ್ಲಿ ಬಡಗಿಯ ಹೆಂಡತಿ ಗಂಡ, ಮಗುವನ್ನು ಬಿಟ್ಟು ಹಳೆಯ ಪ್ರಿಯಕರನೊಡನೆ ಹಡಗು ಹತ್ತುತ್ತಾಳೆ, ಹಡಗು ಮುಳುಗುತ್ತದೆ. ಸ್ಕಾಟ್ಲೆಂಡಿನ ಪಾಠಗಳಲ್ಲಿ ಆ ಪ್ರಿಯಕರ ಮನುಷ್ಯನಲ್ಲ. ಹಡಗಿನ ಮೇಲೆ ಅವನ ಸೀಳು ಗೊರಸು ಕಾಣಿಸುತ್ತದೆ. ಕ್ಲಾರೆನ್ಸ್ ಆ್ಯಶ್ಲಿ 1930ರಲ್ಲಿ ಬ್ಯಾಂಜೊ ನುಡಿಸುತ್ತಾ ಹಾಡಿದ ಅಮೆರಿಕದ ಪಾಠದಲ್ಲಿ ಗೊರಸು ಇಲ್ಲ, ಸೈತಾನನಿಲ್ಲ. ಹಾಗಾಗಿ ಭಯ ಬೇರೆ ಕಡೆಗೆ ಸರಿಯಿತು. ಇದು ಆಕೆಯ ಸ್ವಂತ ನಿರ್ಧಾರದ ಕಥೆಯಾಯಿತು, ಮಗುವಿನ ನೆನಪು ಬಂದಾಗ ಹಿಂದಿರುಗಲಾಗದ ತಾಯಿಯ ಕಥೆಯಾಯಿತು. ಅಂದ ಹಾಗೆ ಆ ಬ್ಯಾಂಜೊ ಆಫ್ರಿಕದ ಜನ ಅಟ್ಲಾಂಟಿಕ್ ದಾಟಿಸಿ ತಂದ ವಾದ್ಯಗಳಿಂದ ಬೆಳೆದದ್ದು. ಅಮೆರಿಕದ ಜನಪದವನ್ನು ಐರ್ಲೆಂಡ್, ಸ್ಕಾಟ್ಲೆಂಡಿನ ಕೊಡುಗೆ ಎಂದಷ್ಟೇ ಬಣ್ಣಿಸುವುದು ಬಹುಕಾಲ ನಡೆದುಬಂದ ಅನ್ಯಾಯ.

ಈ ಅನ್ಯಾಯವನ್ನು ತಿದ್ದುತ್ತಿರುವ ಗಾಯಕಿ ರಿಯಾನನ್ ಗಿಡೆನ್ಸ್. ನಾರ್ತ್ ಕ್ಯಾರೊಲೈನಾದಲ್ಲಿ 1977ರಲ್ಲಿ ಹುಟ್ಟಿ, ಒಪೆರಾ ಹಾಡುಗಾರಿಕೆ ಕಲಿತು, ಆಮೇಲೆ ಜೋ ಥಾಮ್ಸನ್ ಎಂಬ ಹಿರಿಯ ಕಪ್ಪು ಪಿಟೀಲು ವಾದಕರ ಬಳಿ ಅಭ್ಯಾಸ ಮಾಡಿದರು. ಐರ್ಲೆಂಡಿನಲ್ಲಿಯೂ ನೆಲೆಸಿದ್ದಾರೆ. ಅವರು ಹಾಡಿದ ‘ಫ್ಯಾಕ್ಟರಿ ಗರ್ಲ್’ ಒಂದು ಐರಿಶ್ ಹಾಡು. ಕಾರ್ಖಾನೆಯ ಗಂಟೆಗೆ ಓಗೊಟ್ಟು ಓಡುತ್ತಿರುವ ಹುಡುಗಿಯನ್ನು ದಾರಿಯಲ್ಲಿ ಯುವಕನೊಬ್ಬ ಮಾತನಾಡಿಸುತ್ತಾನೆ. ಗಿಡೆನ್ಸ್ ಇದನ್ನು ಕಲಿತದ್ದು ಮಾರ್ಗರೆಟ್ ಬ್ಯಾರಿಯ ಧ್ವನಿಮುದ್ರಣದಿಂದ. ಬ್ಯಾರಿ ಕಾರ್ಕ್ ನಗರದಲ್ಲಿ ಹುಟ್ಟಿ, ಬೀದಿಗಳಲ್ಲಿ, ಜಾತ್ರೆಗಳಲ್ಲಿ ಬ್ಯಾಂಜೊ ನುಡಿಸಿ ಹಾಡಿ ಬದುಕಿದವರು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಸಿದ್ಧ ಉಡುಪು ಹೊಲಿಯುತ್ತಿದ್ದ ಹೆಣ್ಣುಮಕ್ಕಳು. ಆ ಸುದ್ದಿ ಗಿಡೆನ್ಸ್ ಅವರನ್ನು ಕಲಕಿತು. ಹಾಡಿನ ಕೊನೆಯ ಭಾಗವನ್ನು ಅವರು ಹೊಸದಾಗಿ ಬರೆದರು. ಅದರಲ್ಲಿ ಹುಡುಗಿ ಕಾರ್ಖಾನೆಯ ಒಳಗೆ ಹೋಗುತ್ತಾಳೆ, ಕಟ್ಟಡ ಕುಸಿಯುತ್ತದೆ. ಶುದ್ಧ ಪರಂಪರೆಯ ಪಕ್ಷದವರು ಇದನ್ನು ಒಪ್ಪಲಿಕ್ಕಿಲ್ಲ. ನನಗೆ ಇದು ಸಲ್ಲುವ ಬದಲಾವಣೆ ಎನಿಸುತ್ತದೆ. ಹಳೆಯ ಹಾಡಿನಲ್ಲಿ ಬರಿದೆ ಹಿನ್ನೆಲೆಯಾಗಿದ್ದ ಕಾರ್ಖಾನೆ ಇಲ್ಲಿ ಕಥೆಯ ಕೇಂದ್ರಕ್ಕೆ ಬಂದಿದೆ. ಮಟ್ಟು ಹಳೆಯದೇ ಆದ್ದರಿಂದ ಕೊನೆಯ ಆಘಾತ ಇನ್ನಷ್ಟು ಜೋರಾಗಿ ತಾಕುತ್ತದೆ.

ಇಲ್ಲಿಗೆ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಇಷ್ಟೆಲ್ಲ ಬದಲಾದರೆ ಹಾಡು ಯಾರದು? ‘ಶಿ ಮೂವ್ಡ್ ಥ್ರೂ ದ ಫೇರ್’ ಅನ್ನು ಇಡಿಯಾಗಿ ಪರಂಪರೆಯದು ಎಂದು ಜನ ನಂಬಿದ್ದಾರೆ. ಮಟ್ಟು ಡಾನಿಗಾಲ್ ಸೀಮೆಯ ಹಳೆಯದು, ನಿಜ. ಸಾಹಿತ್ಯದ ಬಹುಭಾಗ ಬರೆದವರು ಕವಿ ಪಾಡ್ರಿಕ್ ಕಾಲಮ್, ಅದು ಪ್ರಕಟವಾದದ್ದು 1909ರಲ್ಲಿ. ಮಾರ್ಗರೆಟ್ ಬ್ಯಾರಿ ಅದನ್ನು ಬೀದಿಯಲ್ಲಿ ಹಾಡುವಾಗ ಯಾವುದೋ ಅಲೆಮಾರಿ ಕುಲದ ಪುರಾತನ ಗೀತೆಯೆಂದು ಕೇಳುಗರು ಭಾವಿಸುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಪ್ರಸಿದ್ಧ ಐರಿಶ್ ಗಾಯಕ ಜಾನ್ ಮೆಕಾರ್ಮಕ್ ಅವರ ಗ್ರಾಮಫೋನ್ ತಟ್ಟೆಯಿಂದ ಎಂದು ಬ್ಯಾರಿ ನೇರವಾಗಿ ಹೇಳುತ್ತಿದ್ದರು.

ಕಾನೂನಿನ ಲೆಕ್ಕ ಬೇರೆ. ಕರ್ತೃ ಗೊತ್ತಿಲ್ಲದ ಹಳೆಯ ಹಾಡು ಸಾರ್ವಜನಿಕ ಸೊತ್ತು, ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ಅಳವಡಿಸಿದ ನಿರ್ದಿಷ್ಟ ರೂಪಕ್ಕೆ ಹಕ್ಕುಸ್ವಾಮ್ಯ ಸಿಗುತ್ತದೆ. ಆಲ್ಬಮ್‌ಗಳ ಮೇಲೆ ‘ಸಾಂಪ್ರದಾಯಿಕ, ಅಳವಡಿಕೆ ಇಂಥವರದು’ ಎಂದು ಅಚ್ಚಾಗುವುದು ಇದೇ ಕಾರಣಕ್ಕೆ. ಹಣ ಹರಿಯುವುದೂ ಆ ಒಂದು ಸಾಲಿನ ಮೂಲಕವೇ. ಹಾಡನ್ನು ನೂರು ವರ್ಷ ಮನೆಯಲ್ಲಿ ಕಾಪಾಡಿದವರಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಜೀನ್ ರಿಚಿ ಇದಕ್ಕೆ ಎದುರು ನಿಂತರು. ಅವರ ಮನೆತನ ಕಾಪಾಡಿಕೊಂಡು ಬಂದ ‘ನಾಟಮನ್ ಟೌನ್’ ಹಾಡಿನ ಮಟ್ಟನ್ನು ಬಾಬ್ ಡಿಲನ್ 1963ರ ‘ಮಾಸ್ಟರ್ಸ್ ಆಫ್ ವಾರ್’ಗೆ ಬಳಸಿಕೊಂಡರು. 1917ರಲ್ಲಿ ಸೆಸಿಲ್ ಶಾರ್ಪ್ ಬರೆದುಕೊಂಡದ್ದು ರಿಚಿಯ ಅಕ್ಕನೂ ಅವರ ಬಂಧುವೂ ಹಾಡಿದ ಈ ಹಾಡನ್ನೇ. ರಿಚಿ ತಮ್ಮ ಕುಟುಂಬದ ಅಳವಡಿಕೆಗೆ ಮನ್ನಣೆ ಬೇಕೆಂದು ಕೇಳಿದರು. ವಿಷಯ ಹಣದ ಸಂದಾಯದೊಂದಿಗೆ ಇತ್ಯರ್ಥವಾಯಿತು.